ಹುಟ್ಟಿದ್ದು 1589ರಲ್ಲೋ, 1590ರಲ್ಲೋ?

ಪ್ರಶ್ನೆ: ಇಂಗ್ಲೆಂಡಿನ ಸಿರಿವಂತ ಮನೆತನದ ಹೆಣ್ಣುಮಗಳು ಆ್ಯನ್ ಕ್ಲಿಫರ್ಡ್‌ಳ ಜನ್ಮವರ್ಷ ಒಂದು ಕಡೆ 1589, ಇನ್ನೊಂದು ಕಡೆ 1590 ಎಂದಿದೆ. ಯಾವುದು ಸರಿ? ಆಕೆ ಅಷ್ಟು ಓದಿದವಳೇ?
– ಇತಿಹಾಸ ವಿದ್ಯಾರ್ಥಿನಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಎರಡೂ ಒಂದೇ ದಿನ. 1752ಕ್ಕೆ ಮೊದಲು ಇಂಗ್ಲೆಂಡಿನ ಅಧಿಕೃತ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮಲ್ಲಿ ಯುಗಾದಿಯವರೆಗೂ ಹಳೇ ಸಂವತ್ಸರವೇ ನಡೆಯುವುದಿಲ್ಲವೇ, ಹಾಗೆ. ಆಕೆ ಹುಟ್ಟಿದ್ದು ಜನವರಿ 30ರಂದು. ಹಳೇ ಲೆಕ್ಕಕ್ಕೆ 1589, ಈಗಿನ ಲೆಕ್ಕಕ್ಕೆ 1590. ತೀರಿಕೊಂಡ 1676ರ ಮಾರ್ಚ್ 22ಕ್ಕೂ ಇದೇ ತೊಡಕು, ಮೂರೇ ದಿನದ ಅಂತರದಲ್ಲಿ ವರ್ಷ ತಪ್ಪುತ್ತದೆ. ಜನವರಿ 1ರಿಂದ ಮಾರ್ಚ್ 24ರ ನಡುವಿನ ದಿನಾಂಕ ಕಂಡರೆ '1589/90' ಎಂದು ಎರಡೂ ಬರೆದುಕೊಳ್ಳಿ. ಮೂಲದ್ದು ಯಾವ ಲೆಕ್ಕ ಎಂದು ನೋಡದೆ ವರ್ಷಕ್ಕೆ ಒಂದು ಕೂಡಿಸಬೇಡಿ. ಸಂಪಾದಕರು ಮೊದಲೇ ತಿದ್ದಿದ್ದರೆ 1591 ಆಗಿಬಿಡುತ್ತದೆ.

ಓದಿನ ಮಾತು ನಿಜ. ಕವಿ ಸ್ಯಾಮ್ಯುಯೆಲ್ ಡೇನಿಯಲ್ ಆಕೆಯ ಗುರು. ಪುಸ್ತಕಗಳಲ್ಲಿ ಮೆಚ್ಚಿದ ಮಾತುಗಳನ್ನು ಚೀಟಿಗಳಲ್ಲಿ ಬರೆಸಿ, ದಾಸಿಯರಿಂದ ಗೋಡೆಗೆ, ಮಂಚದ ಪರದೆಗೆ ಪಿನ್ನು ಚುಚ್ಚಿಸುತ್ತಿದ್ದಳು. ನನಗೆ ಆಕೆಯ ಕೋಟೆಗಳಿಗಿಂತ ಈ ಚೀಟಿಗಳೇ ದೊಡ್ಡವು.

ತಂದೆಯ ಆಸ್ತಿ 1605ರಲ್ಲಿ ಚಿಕ್ಕಪ್ಪನ ಪಾಲಾಯಿತು. ಹಕ್ಕು ಬಿಟ್ಟುಕೊಡು ಎಂದು ದೊರೆ ಜೇಮ್ಸ್ ಹೇಳಿದರೂ ಆಕೆ ಒಪ್ಪಲಿಲ್ಲ. ಅದು ಕೈಸೇರಿದ್ದು 1643ರಲ್ಲಿ. ಆಮೇಲೆ ಉತ್ತರ ಇಂಗ್ಲೆಂಡಿನ ಆ್ಯಪಲ್‌ಬಿ ಊರಿನಲ್ಲಿ 13 ಬಡ ಹೆಂಗಸರಿಗೆ ಆಶ್ರಯ ಕಟ್ಟಿಸಿದಳು. 1616ರ ಏಪ್ರಿಲ್ 2ರಂದು ತಾಯಿಯನ್ನು ಕೊನೆಯ ಸಲ ಬೀಳ್ಕೊಟ್ಟ ಜಾಗದಲ್ಲಿ ಕಂಬ ನಿಲ್ಲಿಸಿ, ಪ್ರತಿವರ್ಷ ಅದೇ ದಿನ ಬಡವರಿಗೆ 4 ಪೌಂಡ್ ಹಂಚಲು ಗೊತ್ತುಮಾಡಿದಳು. ಇದು ಮಾರ್ಚ್ 25 ದಾಟಿದ ದಿನ, ಇಲ್ಲಿ ವರ್ಷದ ಗೊಂದಲವಿಲ್ಲ.