ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಬಾರದಿದ್ದರೆ

ಡೆಸ್ಕ್‌ಟಾಪ್‌ನಲ್ಲಿದ್ದ 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ಸೇರಿಸಿದ ಮೇಲೆ ಫ್ಯಾನ್ ಮಾತ್ರ ತಿರುಗುತ್ತಿದೆ, ಪರದೆ ಬರುತ್ತಿಲ್ಲ, ಹಳೆಯದು 2666 ಮತ್ತು ಹೊಸದು 3200 ವೇಗದ್ದಾದ್ದರಿಂದ ಅದನ್ನು ಹಿಂದಿರುಗಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹಿಂದಿರುಗಿಸಬೇಡಿ. ಎರಡೂ ಡಿಡಿಆರ್4 ಎಂಬ ಒಂದೇ ಪೀಳಿಗೆಯ ರ‍್ಯಾಮ್ ಆಗಿದ್ದರೆ ಮದರ್‌ಬೋರ್ಡ್ ಸಾಮಾನ್ಯವಾಗಿ ಎರಡನ್ನೂ ಕಡಿಮೆ ವೇಗಕ್ಕೆ ಹೊಂದಿಸಿಕೊಳ್ಳುತ್ತದೆ. ನಾನು ಹೆಚ್ಚಾಗಿ ಕಂಡಿರುವ ಕಾರಣವೆಂದರೆ, ರ‍್ಯಾಮ್ ಸ್ಟಿಕ್ ಸ್ಲಾಟಿನಲ್ಲಿ ಪೂರ್ತಿಯಾಗಿ ಕುಳಿತಿರುವುದಿಲ್ಲ.

ಕಂಪ್ಯೂಟರನ್ನು ಆರಿಸಿ, ಪವರ್ ಕೇಬಲನ್ನು ಗೋಡೆಯಿಂದ ಕಿತ್ತು, ಉಳಿದ ವಿದ್ಯುತ್ ಬರಿದಾಗಲು ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಕೇಸಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಕೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ಎರಡೂ ಸ್ಟಿಕ್‌ಗಳನ್ನು ಹೊರತೆಗೆಯಿರಿ. ಹೊಸದನ್ನು ಕೂರಿಸುವಾಗ ಹಳೆಯದೂ ಅಲುಗಿ ಸಡಿಲಗೊಂಡಿರುವುದುಂಟು. ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟಬೇಡಿ.

ಈಗ ಹಳೆಯದೊಂದನ್ನೇ ಹಾಕಿ ನೋಡಿ. ಸ್ಟಿಕ್‌ನ ಕಚ್ಚು ಸ್ಲಾಟಿನೊಳಗಿನ ಉಬ್ಬಿಗೆ ಸರಿಯಾಗಿ ಹೊಂದಬೇಕು; ಹೊಂದದಿದ್ದರೆ ತಿರುಗಿಸಿ ಹಿಡಿಯಿರಿ, ಬಲವಂತ ಮಾಡಬೇಡಿ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿದ್ದರೂ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಕಚ್ಚು ಹೊಂದಿದ ಮೇಲೆ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ನೇರವಾಗಿ ಕೆಳಗೆ ಒತ್ತಬೇಕು. ನಾವು ಹೆದರುವುದಕ್ಕಿಂತ ಹೆಚ್ಚಿನ ಒತ್ತಡವೇ ಅದಕ್ಕೆ ಬೇಕಾಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಬದಿಗಿರುತ್ತದೆ. ನನ್ನದೂ ಅಂಥದ್ದೇ, ಕ್ಲಿಪ್ ಇರುವ ಬದಿ ಟಕ್ಕೆಂದು ಕೂತರೂ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆ ಉಳಿದಿತ್ತು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗ ಚಿನ್ನದ ಗೆರೆ ಒಂದು ಕಡೆ ಓರೆಯಾಗಿ ಕಂಡಿತು. ನೀವೂ ಹಾಗೆಯೇ ನೋಡಿ.

ಹಳೆಯದರಿಂದ ಪರದೆ ಬಂದರೆ, ಮತ್ತೆ ವಿದ್ಯುತ್ ಕಡಿದು, ಅದೇ ಸ್ಲಾಟಿಗೆ ಹೊಸದೊಂದನ್ನೇ ಹಾಕಿ. ಅದೂ ಬಂದರೆ ಎರಡು ಸ್ಟಿಕ್‌ಗಳೂ ಬದುಕಿವೆ ಎಂದರ್ಥ, ಹಾಗಾಗಿ ದೋಷವನ್ನು ಇನ್ನೊಂದು ಸ್ಲಾಟಿನಲ್ಲೋ ಜೋಡಣೆಯಲ್ಲೋ ಹುಡುಕಬೇಕು. ನಾಲ್ಕು ಸ್ಲಾಟ್‌ಗಳಿದ್ದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಆಗಲೇ ಡ್ಯುಯಲ್ ಚಾನೆಲ್, ಅಂದರೆ ಎರಡೂ ಸ್ಟಿಕ್‌ಗಳು ಒಟ್ಟಿಗೆ ಕೆಲಸ ಮಾಡುವ ಲಾಭವೂ ಸಿಗುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಪಾಲಿಸಿ. ಎರಡನ್ನೂ ಹಾಕಿದ ಮೇಲೆ ಮೊದಲ ಸಲ ಪರದೆ ಬರುವುದು ತುಸು ತಡವಾಗಬಹುದು, ನಡುವೆ ಆರಿಸಬೇಡಿ.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಆಗಿದ್ದರೆ ಸದ್ಯಕ್ಕೆ ಆಫ್ ಮಾಡಿ. ವಿಂಡೋಸ್ ತೆರೆದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 16 ಜಿಬಿ ಕಾಣುತ್ತಿದೆಯೇ ಎಂದು ನೋಡಿ, ರಾತ್ರಿ ಮಲಗುವ ಮುಂಚೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಓಡಲು ಬಿಡಿ. ಬೆಳಿಗ್ಗೆ ಅದರಲ್ಲಿ ಒಂದೇ ಒಂದು ದೋಷ ಕಂಡರೂ ಸ್ಟಿಕ್‌ಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿ. ಆಗಲೂ ಹೊಸದರಲ್ಲೇ ದೋಷ ಬಂದರೆ ಮಾತ್ರ ಅದನ್ನು ಹಿಂದಿರುಗಿಸಿ.