ಓದುಗರ ಪ್ರಶ್ನೆ: ಲೈಬ್ರರಿ, ಎಐ ಮತ್ತು ನಿಮ್ಮ ನಿದ್ದೆ

ಪ್ರಶ್ನೆ: ನವೆಂಬರ್‌ನ ಗ್ರಂಥಾಲಯ ಸಪ್ತಾಹಕ್ಕೆ ನಮ್ಮ ಯೂನಿವರ್ಸಿಟಿ ಲೈಬ್ರರಿಯಲ್ಲಿ ಒಂದು ದಿನ ಒತ್ತಡ ನಿರ್ವಹಣೆ, ಇನ್ನೊಂದು ದಿನ ಎಐ ಮತ್ತು ನೈತಿಕತೆ ಅಂತ ಕಾರ್ಯಕ್ರಮ. ಅದಕ್ಕಾಗಿ ಎರಡು ದಿನ ರೀಡಿಂಗ್ ಹಾಲ್ ಬಂದ್. ಲೈಬ್ರರಿಗೆ ಈ ಉಸಾಬರಿ ಯಾಕೆ? (ಎಂ.ಎ. ವಿದ್ಯಾರ್ಥಿನಿ, ಊರು ಬೇಡ ಎಂದಿದ್ದಾರೆ)

ಉತ್ತರ: ಒತ್ತಡ ಇಳಿಸುವುದು ಹೇಗೆ ಅಂತ ಹೇಳಲು ಓದುವ ಜಾಗಕ್ಕೇ ಬೀಗ! ನಿಮ್ಮ ಸಿಟ್ಟು ಸರಿಯಾಗಿದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದೇ ಓದುಗರ ಸಮಯ ಉಳಿಸಿ ಅನ್ನುವುದು.

ಆದರೆ ಉಸಾಬರಿ ಯಾಕೆ ಅನ್ನೋದನ್ನು ಒಪ್ಪಲಾರೆ. ನಾನು 26 ವರ್ಷ ಲೈಬ್ರರಿ ಕೌಂಟರ್‌ನಲ್ಲಿ ಕೂತವನು. ಪರೀಕ್ಷೆ ಹತ್ತಿರ ಬಂದಾಗ ಯಾರು ಊಟ ಬಿಟ್ಟಿದ್ದಾರೆ, ಯಾರು ಮಧ್ಯಾಹ್ನದಿಂದ ಅದೇ ಪುಟ ನೋಡುತ್ತಾ ಕೂತಿದ್ದಾರೆ ಅನ್ನೋದು ವಾರ್ಡನ್‌ಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ಒಬ್ಬ ಹುಡುಗ ದಿನಾ ಅದೇ ದಪ್ಪ ಪುಸ್ತಕ ತಗೊಂಡು, ಬಿಡಿಸದೆ, ಸಂಜೆ ವಾಪಸ್ ಕೊಡುತ್ತಿದ್ದ. ನಾಲ್ಕನೇ ದಿನ "ಬಾರೋ, ಟೀ ಕುಡಿಯೋಣ" ಅಂದೆ. ಅಷ್ಟೇ. ಎರಡನೇ ಲೋಟದ ಹೊತ್ತಿಗೆ ಬಾಯಿಬಿಟ್ಟ. ಇದಕ್ಕೆ ವೇದಿಕೆ ಬೇಕಿರಲಿಲ್ಲ, ಬ್ಯಾನರ್ ಬೇಕಿರಲಿಲ್ಲ.

2011ರಲ್ಲಿ ಅಮೆರಿಕದ ಯೇಲ್ ಲಾ ಸ್ಕೂಲ್ ಲೈಬ್ರರಿ, ವಿದ್ಯಾರ್ಥಿಗಳ ಒತ್ತಡ ಇಳಿಯಲಿ ಅಂತ ಮಾಂಟಿ ಎಂಬ ನಾಯಿಯನ್ನು ಪುಸ್ತಕದ ಹಾಗೆ 30 ನಿಮಿಷಕ್ಕೆ ಎರವಲು ಕೊಟ್ಟಿತ್ತು. ನಮಗೆ ಆ ಖರ್ಚೂ ಇಲ್ಲ, ಕ್ಯಾಂಪಸ್ ನಾಯಿಗಳು ಮೆಟ್ಟಿಲ ಮೇಲೇ ಇರುತ್ತವೆ. ಪರೀಕ್ಷೆ ತಿಂಗಳಲ್ಲಿ ರಾತ್ರಿ ಎರಡು ಗಂಟೆ ಜಾಸ್ತಿ ಬಾಗಿಲು ತೆಗೆದಿಟ್ಟು, ಹಾಸ್ಟೆಲ್ ದಾರಿಯ ದೀಪ ಉರಿಯುವಂತೆ ನೋಡಿಕೊಂಡರೆ ಅದೇ ಒಳ್ಳೆಯ ಕಾರ್ಯಕ್ರಮ.

ಪ್ರಶ್ನೆ: ನನ್ನ ಪಿಎಚ್.ಡಿ. ಅಧ್ಯಾಯಕ್ಕೆ ಸಾಫ್ಟ್‌ವೇರ್ "ಶೇ 38 ಎಐ" ಎಂದಿದೆ. ಇಂಗ್ಲಿಷ್‌ನಲ್ಲಿ ಒದ್ದಾಡಿ ನಾನೇ ಬರೆದದ್ದು. ಶೇ 10 ದಾಟಿದರೆ ರಿಜೆಕ್ಟ್ ಅನ್ನುತ್ತಾರೆ. ನಿದ್ದೆ ಬರುತ್ತಿಲ್ಲ. (ಹೆಸರು ಬೇಡ)

ಉತ್ತರ: ಮೊದಲು ಉಸಿರು ಬಿಡಿ. ಇಲ್ಲಿ ಎರಡು ಲೆಕ್ಕ ಕಲಸಿಹೋಗಿದೆ. ಶೇ 10 ಅನ್ನೋದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ನಿಯಮದ್ದು, ಅದು ಬೇರೆಯವರ ಬರಹದ ಜೊತೆಗಿನ ಹೋಲಿಕೆಗೆ ಮಾತ್ರ. ಶೇ 10ರಿಂದ 40ರವರೆಗೆ ಹೋಲಿಕೆ ಬಂದರೂ ರಿಜೆಕ್ಟ್ ಅಲ್ಲ, ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಹೆಸರು ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಎಐ ಬರಹಕ್ಕೆ ಇಷ್ಟು ಶೇಕಡಾ ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ. ಇರೋದಾದರೂ ಹೇಗೆ, ಚಾಟ್‌ಜಿಪಿಟಿ ಬಂದದ್ದೇ 2022ರ ಕೊನೆಗೆ.

ಇನ್ನು ಎಐ ಹಿಡಿಯುವ ಯಂತ್ರದ ಕಥೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತಾನೇ ಒಂದು ಪತ್ತೆ ಸಾಧನ ಬಿಟ್ಟು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಹೆತ್ತವರಿಗೇ ಮಗು ಗುರುತು ಸಿಗಲಿಲ್ಲ! ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದಿದ್ದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳಿಗೆ ಎಐ ಅನ್ನೋ ಮುದ್ರೆ ಬಿತ್ತು. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ ತಿರುಗಿಸಿ ಮುರುಗಿಸಿ ಬಳಸುತ್ತಾರೆ, ಯಂತ್ರಕ್ಕೆ ಅದು ತನ್ನದೇ ಬರಹದ ಹಾಗೆ ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಿಮ್ಮಂಥವರ ಕುತ್ತಿಗೆಗೆ ಇದು ಬರುತ್ತದೆ, ಕಾನ್ವೆಂಟ್ ಮಕ್ಕಳು ಪಾರಾಗಬಹುದು. ನೈತಿಕತೆಯ ಉಪನ್ಯಾಸದಲ್ಲಿ ಮೊದಲು ಹೇಳಬೇಕಾದ್ದು ಇದು, ಅಲ್ವಾ?

ಈಗ ಮಾಡಬೇಕಾದ್ದು: ಹಳೆಯ ಕರಡು, ಟಿಪ್ಪಣಿ ಪುಸ್ತಕ, ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಅದರ ವರ್ಷನ್ ಹಿಸ್ಟರಿ, ಎಲ್ಲ ಒಟ್ಟು ಮಾಡಿ ಗೈಡ್ ಮುಂದೆ ಇಡಿ. ಅಲ್ಲಿ ಬಗೆಹರಿಯದಿದ್ದರೆ ವಿಭಾಗದ ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿಗೆ ಬರಹದಲ್ಲೇ ಕೊಡಿ. ಅಂಥ ಸಮಿತಿ ಇರಬೇಕು ಅನ್ನೋದೂ ಅದೇ 2018ರ ನಿಯಮ. ಹಾಂ, ವ್ಯಾಕರಣ ತಿದ್ದಲು ಎಐ ಬಳಸಿದ್ದರೆ ಅದನ್ನೂ ಮುಚ್ಚಿಡಬೇಡಿ.

ಪ್ರಶ್ನೆ: ರಾತ್ರಿ ಚಾಟ್‌ಬಾಟ್ ಜೊತೆ ಮನಸ್ಸಿನ ಮಾತು ಆಡುತ್ತೇನೆ. ತಪ್ಪಾ? (ಬಿ.ಎಸ್ಸಿ. ವಿದ್ಯಾರ್ಥಿ)

ಉತ್ತರ: ತಪ್ಪೇನಿಲ್ಲ, ಹಳೆಯ ಚಾಳಿ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಮಾಡಿದ್ದರು. ನೀವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದಷ್ಟೇ ಅದರ ಕೆಲಸ. ಅದು ಗೊತ್ತಿದ್ದೂ ಅವರ ಕಾರ್ಯದರ್ಶಿ, ಎಲೈಜಾ ಜೊತೆ ಮಾತಾಡುವಾಗ ಅವರನ್ನೇ ಹೊರಗೆ ಹೋಗಿ ಅಂದರಂತೆ! ಒಂದು ವ್ಯತ್ಯಾಸ ನೆನಪಿರಲಿ. ಮನೋವೈದ್ಯರು ನಿಮ್ಮ ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಚಾಟ್‌ಬಾಟ್‌ಗೆ ಹೇಳಿದ್ದು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಮನಸ್ಸು ತೀರಾ ಭಾರವಾದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನ ಲೈಬ್ರರಿಯನ್. ಬಜೆಟ್ ಸೊನ್ನೆ. ಏನು ಮಾಡಲಿ?

ಉತ್ತರ: 2000ದಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಹ್ಯೂಮನ್ ಲೈಬ್ರರಿಯಲ್ಲಿ ಮನುಷ್ಯರೇ ಪುಸ್ತಕ. ಎದುರು ಕೂತು ಅವರ ಬದುಕಿನ ಬಗ್ಗೆ ಪ್ರಶ್ನೆ ಕೇಳಬಹುದು. ಎರಡು ಕುರ್ಚಿ ಸಾಕು. ಒಂದು ಸಬ್ಜೆಕ್ಟ್ ಫೇಲ್ ಆಗಿ ಮತ್ತೆ ಬರೆದು ಪಾಸಾದ ಹಳೆಯ ವಿದ್ಯಾರ್ಥಿ ಒಬ್ಬರನ್ನು ಕರೆಯಿರಿ. ಹಾರ, ಶಾಲು, ವಂದನಾರ್ಪಣೆ ಬೇಡ. ಪ್ರಿನ್ಸಿಪಾಲರ ಭಾಷಣ ಸುತರಾಂ ಬೇಡ.