ಕಲಬುರಗಿ ಬಿಸಿಲಿಗಿ ಎಂಥಾ ಸೋಫಾ: ಹಳೀದಾ, ಡಿಸೈನರಾ?

ನೀವು ಕೇಳಿದ್ದು ಇಷ್ಟು: ಕಲಬುರಗ್ಯಾಗ ಹೊಸಾ ಮನಿ ಆಗ್ಯಾದ, ಹಾಲ್ 12 ಬೈ 16 ಅದ, ಬಜೆಟ್ 80 ಸಾವಿರ, ಮನ್ಯಾಗ ವಯಸ್ಸಾದ ಅತ್ತಿ ಮಾವ ಅದಾರ, ಫೋನ್‌ನಾಗ ನೋಡಿದಂಥಾ ಡಿಸೈನರ್ ಸೋಫಾ ತಗೊಳೋದಾ ಇಲ್ಲಾ ಹಳೀ ವಿಂಟೇಜ್ ಸೋಫಾ ಹುಡ್ಕೋದಾ ಅಂತ. ನಾ ಎರಡೂ ಮಾಡೀನ್ರಿ, ಒಂದ್ರಾಗ ಕೈ ಸುಟ್ಗೊಂಡೀನಿ, ಇನ್ನೊಂದು ಇವತ್ತಿಗೂ ಮನ್ಯಾಗ ಅದ. ಜರಾ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದ್ಲು ಸುಟ್ಗೊಂಡಿದ್ದು ಹೇಳ್ತೀನಿ. ಆರು ವರ್ಷದ ಹಿಂದ ಆನ್‌ಲೈನ್‌ನಾಗ ಒಂದ್ ತ್ರೀ ಸೀಟರ್ ಆರ್ಡರ್ ಮಾಡ್ದೆ, ಕರೀ ಲೆದರ್, ಸುತ್ತ ಸ್ಟೀಲ್ ಪೈಪು, ನೋಡ್ಲಾಕ ಭಾಳ ಛಂದ, ಹೆಸರು ಹೇಳಾಂಗಿಲ್ಲ, 62 ಸಾವಿರ ಕೊಟ್ಟೀನಿ. ಬಂದ ದಿನ ಓಣ್ಯಾನ ಮಂದಿ ಎಲ್ಲಾ ನೋಡಿ ಹೋದ್ರು. ಏಪ್ರಿಲ್ ಬಂತು, ನಿಮಗ ಗೊತ್ತಲ್ಲ ನಮ್ ಊರ ಬಿಸ್ಲು, 42, 43 ಡಿಗ್ರಿ, ಮಧ್ಯಾಹ್ನ ಕರೆಂಟ್ ಹೋತು ಅಂದ್ರ ಅದರ ಮ್ಯಾಲ ಕುಂತವ್ರು ಏಳಬೇಕಾದ್ರ ಬೆನ್ನು ಚರ್ರ್ ಅಂತ ಕಿತ್ಗೊಂಡು ಏಳಬೇಕು. ಎರಡನೇ ಬ್ಯಾಸಿಗಿಗಿ ಮ್ಯಾಲಿನ ಪದರ ಹಕ್ಕಳಿ ಹಕ್ಕಳಿ ಏಳ್ಲಾಕ ಹತ್ತಿತು, ನಮ್ ಹುಡುಗ ಕುಂತಲ್ಲೇ ಉಳ್ಳಾಗಡ್ಡಿ ಸಿಪ್ಪಿ ಸುಲದಂಗ ಸುಲೀತಿದ್ದ. ಅದು ಲೆದರೇ ಅಲ್ರಿ, ಬಟ್ಟಿ ಮ್ಯಾಲ ಪ್ಲಾಸ್ಟಿಕ್ ಲೇಪ ಕೊಟ್ಟಿರೋದು. ಬೆವರು, ತಲಿಗಿ ಹಚ್ಚಿದ ಎಣ್ಣಿ, ಸೆಕಿ ಮೂರೂ ಕೂಡಿದ್ರ ಆ ಲೇಪ ಭಾಳ ದಿನ ಬಾಳಂಗಿಲ್ಲ. ಕಡೀಗಿ ಕೆಳಗಿನ ಬಟ್ಟಿ ಹರದು ನೋಡ್ದೆ, ಒಳಗ ಪ್ಯಾಕಿಂಗ್ ಪೆಟ್ಟಿಗಿ ಕಟ್ಟಿಗಿ, ಪಿನ್ನು ಹೊಡದು ಕೂಡ್ಸ್ಯಾರ, ಫೋಮ್ ಹಿಟ್ಟಾಗಿ ಉದುರ್ಲತ್ತಿತ್ತು.

ಆಮ್ಯಾಲ ಗೊತ್ತಾತು ಅದು ಯಾವ ಸೋಫಾದ ನಕಲು ಅಂತ. 1928ರಾಗ ಲ ಕಾರ್ಬೂಸಿಯೇ, ಪಿಯೇರ್ ಜೀನರೆ, ಶಾರ್ಲಟ್ ಪೆರಿಯಾಂ ಅಂತ ಮೂರು ಮಂದಿ ಡಿಸೈನರ್‌ಗಳು ಕೂಡಿ ಮಾಡಿದ್ದು, ಎಲ್‌ಸಿ2 ಅಂತಾರ. ಅದರ ಕರಾಮತ್ತು ಏನಂದ್ರ, ಭಾಳಷ್ಟು ಗಾದಿ ಸೋಫಾಕ್ಕ ಎಲುಬು ಒಳಗ ಇರ್ತದ, ಗಾದಿ ಹೊರಗ ಇರ್ತದ, ಇವ್ರು ಉಲ್ಟಾ ಮಾಡಿ ಸ್ಟೀಲ್ ಪೈಪಿನ ಚೌಕಟ್ಟು ಹೊರಗ ಇಟ್ರು, ಗಾದಿಗಳನ್ನ ಅದರಾಗ ಬುಟ್ಟ್ಯಾಗ ತುಂಬಿದಂಗ ತುಂಬಿದ್ರು. ಗಾದಿ ಬಿಗಿ ಇದ್ರ ಮಾತ್ರ ಅದು ನಿಲ್ತದ, ನಕಲು ಮಾಡೋರು ಉಳಿಸೋದೇ ಫೋಮ್‌ನಾಗ, ಅದ್ಕ ವರ್ಷದಾಗ ಜೋತು ಬೀಳ್ತದ. ಅಸಲಿದು ಇಟಲಿಯ ಕಸ್ಸೀನಾ ಕಂಪನಿ ಮಾಡ್ತದ, ಚೌಕಟ್ಟಿನ ಮ್ಯಾಲ ಸಹಿ ಮತ್ತ ನಂಬರ್ ಒತ್ತಿರ್ತಾರ, ಲಕ್ಷಗಟ್ಲೆ ರೊಕ್ಕ. 80 ಸಾವಿರಕ್ಕ "ಲ ಕಾರ್ಬೂಸಿಯೇ ಸೋಫಾ" ಅಂತ ಯಾರರೆ ಮಾರಿದ್ರ ಅದು ನಕಲೇ. ನಕಲು ತಗೊಳೋದು ತಪ್ಪಲ್ಲ, ನಕಲಿಗಿ ಅಸಲಿ ಹೆಸರಿನ ರೊಕ್ಕ ಕೊಡಬ್ಯಾಡ್ರಿ ಅಷ್ಟೇ.

ಇದೇ ಜೀನರೆನೇ ಚಂಡೀಗಢದಾಗ ಸರ್ಕಾರಿ ಕಟ್ಟಡಕ್ಕ ಸಾಗವಾನಿ ಬೆತ್ತದ ಖುರ್ಚಿ, ಸೋಫಾ ಮಾಡ್ಸ್ದವ. ಮುರದು ಹೋದ್ವು ಅಂತ ಆಫೀಸ್‌ನವ್ರೇ ಅವನ್ನ ಗುಜರಿ ರೇಟಿಗಿ ಹರಾಜ್ ಹಾಕಿದ್ರು, ಆಮ್ಯಾಲ ಅವೇ ವಿದೇಶದ ಹರಾಜಿನಾಗ ಲಕ್ಷ ಲಕ್ಷಕ್ಕ ಹೋದ್ವು, ಕಡೀಗಿ 2011ರಾಗ ಕೇಂದ್ರ ಗೃಹ ಸಚಿವಾಲಯ ಅವನ್ನ ಮಾರಬಾರ್ದು ಅಂತ ಆದೇಶ ಮಾಡ್ತು. ಅಸಲಿ ಖುರ್ಚಿ ಮ್ಯಾಲ ಆಫೀಸಿನ ಹೆಸರು, ನಂಬರ್ ಪೇಂಟಿನಾಗ ಬರದಿರ್ತದ ಖರೆ, ಆದ್ರ ಪೇಂಟ್ ಯಾರ್ ಬೇಕಾದ್ರೂ ಹಚ್ಚಬಹುದು. ಹಾಂಗಂತ ಆ ಡಿಸೈನ್ ನಮ್ ಊರಿಗಿ ಭಾಳ ಬರಾಬರ್ ಅದ, ಬೆನ್ನಿಗಿ ಬೆತ್ತ ಇದ್ರ ಗಾಳಿ ಆಡ್ತದ. ನಮ್ ಬಡಿಗೇರ ಕಾಕಾಗ ಫೋಟೋ ತೋರ್ಸಿದ್ರ "ಇದ್ರಾಗೇನ್ ದೊಡ್ಡ ಮಾತದ" ಅಂತಂದ.

ಚೆಸ್ಟರ್‌ಫೀಲ್ಡ್ ಅಂತ ಬರ್ತದ ನೋಡ್ರಿ, ಕೈಯೂ ಬೆನ್ನೂ ಒಂದೇ ಎತ್ತರ, ತುಂಬಾ ಗುಂಡಿ ಒತ್ತಿರ್ತಾರ, ಅದನ್ನ ನಮ್ ಕಡಿ ಮನಿಗಿ ತರಬ್ಯಾಡ್ರಿ. ಗಾಳಿ ಬಿಟ್ರ ಯರಿ ಮಣ್ಣಿನ ಧೂಳ ಬರ್ತದ, ಒಂದೊಂದು ಗುಂಡಿ ಸಂದ್ಯಾಗ ಒಂದೊಂದು ಹೊಲ ಆಗ್ತದ. ಟೋಗೊ ಅಂತ 1973ರ ಫ್ರೆಂಚ್ ಸೋಫಾ ಈಗ ಎಲ್ಲಾ ರೀಲ್ಸ್‌ನಾಗ ಅದ, ಬರೇ ಫೋಮು, ಕಟ್ಟಿಗಿನೇ ಇಲ್ಲ, ನೆಲಕ್ಕ ಹತ್ತಿ ಕುಂತಿರ್ತದ. ನಿಮ್ಮ ಮಾವನವ್ರು ಅದ್ರಾಗ ಕುಂತ್ರು ಅಂದ್ರ ಎಬ್ಸ್ಲಾಕ ಇಬ್ರು ಬೇಕು.

ಈಗ ಹಳೀದರ ಮಾತು. ನಾ ಎರಡನೇದು ತಗೊಂಡಿದ್ದು ಶಹಾಬಾದ್ ಕಡಿ ಒಂದ್ ಹಳೀ ಮನಿ ಕೆಡವಬೇಕಾದ್ರ, ಮಕ್ಕಳೆಲ್ಲಾ ಪುಣೆದಾಗ ಸೆಟ್ಲ್ ಆಗ್ಯಾರ, ಸಾಮಾನು ಮಾರ್ಲತ್ತಿದ್ರು. ಸಾಗವಾನಿ ಸೋಫಾ ಸೆಟ್, ಒಂದ್ ದೊಡ್ಡದು ಎರಡು ಸಣ್ಣವು, ಬೆತ್ತ ಹರದಿತ್ತು, ಗಾದಿಯಂತೂ ನೋಡಂಗಿದ್ದಿಲ್ಲ. 14 ಸಾವಿರ ಕೊಟ್ಟೆ. ನಮ್ಮಾಕಿ ಟೆಂಪೋದಾಗಿಂದ ಇಳಿಸೋದು ನೋಡಿ ಒಂದ್ ಮಾತೂ ಆಡಲಿಲ್ಲ, ಎರಡ್ ದಿನ ನಂಜೋಡಿ ಮಾತಾಡಲಿಲ್ಲ. ಬೆತ್ತ, ಪಾಲಿಶ್, ಹೊಸಾ ಗಾದಿ ಕೂಡಿ ಇನ್ನೊಂದ್ 23 ಸಾವಿರ ಹೋತು. ಹೈದ್ರಾಬಾದಿನ ಹಳೀ ಸಾಮಾನಿನ ಜುಮ್ಮೇರಾತ್ ಬಜಾರ್‌ಗೂ ಹೋಗಿ ಬಂದಿದ್ದೆ, ಸಾಮಾನು ಸಿಗ್ತಾವ, ಆದ್ರ ಸೋಫಾ ತಗೊಂಡ್ರ ಗಾಡಿ ಬಾಡಿಗಿನೇ ತಿಂತದ.

ಹಳೀದು ನೋಡ್ಲಾಕ ಹೋದಾಗ ಬಟ್ಟಿ, ಬಣ್ಣ, ಫೋಮ್ ನೋಡಲೇ ಬ್ಯಾಡ್ರಿ, ಅವು ಹೆಂಗಿದ್ರೂ ಬದಲಾಗೋವು. ಎಲುಬು ನೋಡ್ರಿ. ಮುಂದಿನ ಒಂದ್ ಕಾಲ್ ಹಿಡದು ಅರ್ಧ ಫೂಟ್ ಎತ್ರಿ, ಮುಂದಿನ ಇನ್ನೊಂದು ಕಾಲು ತಾನೂ ಬರೋಬರ್ ಎದ್ದು ಬಂದ್ರ ಚೌಕಟ್ಟು ಗಟ್ಟಿ, ನೆಲದಾಗೇ ಉಳದು ನಡಬರಕ ಸೋಫಾ ತಿರುಚಿದ್ರ ಬಿಟ್ಟು ಬರ್ರಿ. ಹಳೇ ಮಂದಿ ಒಂದ್ ಕಟ್ಟಿಗಿಗಿ ತೂತು ಹೊಡದು ಇನ್ನೊಂದನ್ನ ಒಳಗ ಕೂಡ್ಸಿ ಬಿದಿರಿನ ಮೊಳಿ ಬಡೀತಿದ್ರು, ಅಂಥಾ ಕೂಡು ಸಡಿಲ ಆದ್ರೂ ಬಿಚ್ಚಿ ಬಿಗಿ ಮಾಡ್ಲಾಕ ಬರ್ತದ. ಬರೇ ಕಬ್ಬಿಣದ ಮೊಳಿ ಬಡದು ಬಡದು ರಿಪೇರಿ ಮಾಡಿದ್ರ ಕಟ್ಟಿಗಿ ಸೀಳಿರ್ತದ. ಆಮ್ಯಾಲ ಸೋಫಾ ಬೋರಲಾ ಹಾಕಿಸಿ ಬ್ಯಾಟ್ರಿ ಬಿಟ್ಟು ನೋಡ್ರಿ, ಸಣ್ಣ ತೂತು, ತೂತಿನ ಕೆಳಗ ಹಿಟ್ಟಿನಂಥಾ ಪುಡಿ ಇದ್ರ ಒಳಗ ಹುಳ ಇನ್ನೂ ಜೀವಂತ ಅದ ಅಂತ ತಿಳ್ಕೋರಿ. ಗಾದಿ ಹೊಲಿಗ್ಯಾಗ ಕರೀ ಚುಕ್ಕಿ ಇದ್ರ ತಿಗಣಿ. ಮಾರೋರು ನಾಚ್ಕೊಂತಾರ ಅಂತ ನೀವ್ ನಾಚ್ಕೋಬ್ಯಾಡ್ರಿ, ನಾ ಹಳೀ ಗಾದಿ ಅಲ್ಲೇ ಬಿಟ್ಟು ಬರೇ ಕಟ್ಟಿಗಿ ತಂದೀನಿ.

ಗಾದಿಗಿ ಕೂಡೋ ಜಾಗಕ್ಕ 40 ಡೆನ್ಸಿಟಿ (ಫೋಮ್ ಎಷ್ಟು ದಟ್ಟ ಅದ ಅನ್ನೋ ನಂಬರ್), ಬೆನ್ನಿಗಿ 32 ಡೆನ್ಸಿಟಿ ಫೋಮ್ ಹಾಕ್ಸ್ರಿ, ಹಾಕೋ ಮೊದ್ಲು ನಿಮ್ ಕಣ್ಣಿದ್ರಿಗಿ ಕತ್ತರಿಸ್ಲಾಕ ಹೇಳ್ರಿ, ಯಾಕಂದ್ರ ಒಳಗ ಚೂರು ತುಂಬಿ ಮ್ಯಾಲ ಒಂದಿಂಚು ಛಲೋದು ಹಾಕೋರು ಭಾಳ ಅದಾರ. ಬಟ್ಟಿ ದಪ್ಪ ಕಾಟನ್ ಇರ್ಲಿ, ಚೈನ್ ಇದ್ದು ಬಿಚ್ಚಿ ಒಗಿಯಂಗ ಇರ್ಲಿ. ವೆಲ್ವೆಟ್ ಬ್ಯಾಡ, ಬ್ಯಾಸಿಗ್ಯಾಗ ನೋಡಿದ್ರೇ ಬೆವರು ಬರ್ತದ. ಹಿರೇರು ಕೂಡೋ ಜಾಗ ಗಾದಿ ಕೂಡಿ ನೆಲದಿಂದ 18 ಇಂಚು ಇರ್ಬೇಕು, 15ಕ್ಕಿಂತ ಕೆಳಗ ಇದ್ರ ಮೊಣಕಾಲ ಹಿಡೀತಾವ, ಮತ್ತ ಕೈ ಊರಿ ಏಳ್ಲಾಕ ಎರಡೂ ಕಡಿ ಗಟ್ಟಿ ಕೈ ಬೇಕು. ಹಳೀ ಸೋಫಾದಾಗ ಇದು ಸಹಜ ಇರ್ತದ. ನಮ್ ಅವ್ವ ಮೊದ್ಲಿನ ಸೋಫಾ ಇದ್ದಾಗ ಎರಡ್ ವರ್ಷ ಬಾಗ್ಲ ಬಲ್ಲಿ ಪ್ಲಾಸ್ಟಿಕ್ ಖುರ್ಚಿ ಮ್ಯಾಲೇ ಕುಂತಾಳ, ನಮಗ ತಿಳೀಲಿಲ್ಲ, ಗಾಳಿಗಿ ಕುಂತಾಳ ಅಂತ ಮಾಡಿದ್ವಿ. ಸಾಗವಾನಿದು ಬಂದ ಮ್ಯಾಲ ತಾನೇ ಬಂದು ಮೂಲ್ಯಾಗ ಜಾಗ ಹಿಡದಾಳ.

ಅದ್ಕ ನಿಮ್ ಜಾಗದಾಗ ನಾ ಇದ್ರ ಹಳೀ ಸಾಗವಾನಿ ಸೆಟ್ ಹುಡ್ಕತಿದ್ದೆ, ಆರು ತಿಂಗಳಾಗೂ ಸಿಗಲಿಲ್ಲಂದ್ರ ಬಡಿಗೇರಗ ಬೆತ್ತದ ಬೆನ್ನಿಂದು ಹೊಸಾದು ಮಾಡ್ಸ್ತಿದ್ದೆ, 80 ಸಾವಿರದಾಗ ಇನ್ನೂ ಒಂದಿಷ್ಟು ಉಳೀತಿತ್ತು. ಡಿಸೈನರೇ ಬೇಕಂದ್ರ ಹೋಗಿ ಹತ್ತು ನಿಮಿಷ ಕುಂತು ನೋಡಿ ತಗೋರಿ, ಫೋಟೋ ನೋಡಿ ಅಲ್ಲ, ಮತ್ತ ಮಾವನವ್ರನ್ನ ಜೋಡಿ ಕರ್ಕೊಂಡು ಹೋಗ್ರಿ.

ಹಾಂ, ಮನಿ ಮ್ಯಾಲಿನ ಮಜಲಿನಾಗ ಅದಾ ಕೆಳಗ ಅದಾ ನೀವ್ ಬರದಿಲ್ಲ. ಅಡ್ವಾನ್ಸ್ ಕೊಡೋ ಮೊದ್ಲು ಬಾಗ್ಲ ಅಗಲ, ಮೆಟ್ಲ ತಿರುವು ಎರಡೂ ಟೇಪ್ ಹಿಡದು ಅಳೀರಿ. ನಮ್ದು ಮೆಟ್ಲ ತಿರುವಿನಾಗ ಸಿಕ್ಕೊಂಡು ಕಡೀಗಿ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳದೀವಿ, ನಾಕು ಹಮಾಲರು, ಒಂದೂವರಿ ತಾಸು, ಬಾಜೂ ಮನ್ಯಾನವರ ತುಳಸಿ ಕುಂಡ ಒಡದು ಹೊಸಾದು ತಂದು ಕೊಟ್ಟೀನಿ.